ಪಾತ್ರೇಲಿ ಕೆಂಪು, ಮೊಟ್ಟೆ ಮೇಲೆ ನೀಲಿ

ಈಸ್ಟರ್ ಹಿಂದಿನ ಶನಿವಾರ. ಫ್ರೇಜರ್ ಟೌನಿನಲ್ಲಿರುವ ಅತ್ತಿಗೆಯ ತವರುಮನೆ. ಎಂಟು ಮಕ್ಕಳು, ಮೂರು ಡಜನ್ ಬೇಯಿಸಿದ ಮೊಟ್ಟೆ, ಕಟ್ಟೆ ತುಂಬಾ ಬಣ್ಣದ ಲೋಟಗಳು. ಮೊದಲ ಸುತ್ತು ಪೂರ್ತಿ ಕೆಟ್ಟಿತು. ಫುಡ್ ಕಲರ್ ಕಲಸಿದ ನಾನು ವಿನೆಗರ್ ಮರೆತಿದ್ದೆ, ಒರೆಸಿದರೆ ಬಣ್ಣವೆಲ್ಲ ಬಟ್ಟೆಗೇ ಬಂತು.

ಮೊಟ್ಟೆಯ ಚಿಪ್ಪಿನಲ್ಲಿ ಶೇಕಡ 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವುದೇ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪ್ರೋಟೀನಿನ ಪೊರೆ. ಹುಳಿ ಬಿದ್ದಾಗ ಈ ಪ್ರೋಟೀನಿಗೆ ಪ್ಲಸ್ ಚಾರ್ಜ್ ಬರುತ್ತದೆ, ಫುಡ್ ಕಲರಿನ ಅಣುಗಳಿಗೆ ಮೊದಲೇ ಮೈನಸ್ ಇರುತ್ತದೆ, ಹಾಗಾಗಿ ಎರಡೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ರೇಷ್ಮೆಯೂ ಪ್ರೋಟೀನೇ ಅಲ್ವಾ? ಅದಕ್ಕೇ ರೇಷ್ಮೆ ನೂಲಿಗೆ ಬಣ್ಣ ಹಾಕುವಾಗಲೂ ಹುಳಿ ಬೇಕಾಗುತ್ತದೆ. ಹಾಗಂತ ಸುಮ್ನೆ ಬಾಟಲಿಯನ್ನೇ ಬಗ್ಗಿಸಬೇಡಿ, ಲೋಟ ಬಿಸಿನೀರಿಗೆ ಒಂದೆರಡು ಚಮಚ ಸಾಕು. ಚಿಪ್ಪಿನ ಸುತ್ತ ಸಣ್ಣ ಗುಳ್ಳೆ ಏಳುತ್ತವಲ್ಲ, ಅದು ಚಿಪ್ಪು ಕರಗುತ್ತಾ ಬಿಡುವ ಕಾರ್ಬನ್ ಡೈಆಕ್ಸೈಡ್. ಜಾಸ್ತಿಯಾದರೆ ಮೈ ತರಿತರಿಯಾಗುತ್ತದೆ.

ಎರಡನೇ ಸುತ್ತಿಗೆ ಅಡುಗೆಮನೆಯ ಬಣ್ಣಗಳೇ ಬಂದವು. ಈರುಳ್ಳಿ ಸಿಪ್ಪೆ ಕುದಿಸಿದ ನೀರಿನಲ್ಲಿ ಚಂದದ ಇಟ್ಟಿಗೆ ಬಣ್ಣ ಬಂತು, ನನ್ನ ಓಟು ಅದಕ್ಕೇ. ಆದರೆ ಗಲಾಟೆ ಎದ್ದಿದ್ದು ನೇರಳೆ ಕೋಸಿನ ಪಾತ್ರೆಯ ಹತ್ತಿರ. ವಿನೆಗರ್ ಬಿದ್ದ ಕೋಸಿನ ನೀರು ಗುಲಾಬಿ ಕೆಂಪು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಅದರೊಳಗೆ ಮುಳುಗಿದ್ದ ಮೊಟ್ಟೆ ಬೆಳಿಗ್ಗೆ ನೀಲಿ! "ಯಾರೋ ಬದಲಾಯಿಸಿದ್ದಾರೆ" ಅಂತ ಅಣ್ಣನ ಮಗ ಜಗಳಕ್ಕೇ ನಿಂತ.

"ಬದಲಾಯಿಸೋದೇನು ಬಂತು, ನಿಮ್ಮಪ್ಪನ ಮದುವೇಲಿ ನಾನೇ ಆರತಿ ನೀರು ಕಲಸಿದ್ನಲ್ಲ, ಅರಿಶಿನದ ನೀರಿಗೆ ಸುಣ್ಣ ಬಿದ್ರೆ ಕೆಂಪಾಗಲ್ವೇನೋ?" ಅಂದರು ಅಮ್ಮ.

ಅಮ್ಮ ಹೇಳಿದ್ದು ಸರಿಯೇ. ಕೋಸಿನಲ್ಲಿರುವ ಆಂಥೋಸಯನಿನ್ ಅನ್ನೋ ಬಣ್ಣದ ವಸ್ತು ಹುಳಿಯಲ್ಲಿ ಕೆಂಪು, ಹುಳಿ ಇಳಿದಂತೆ ನೇರಳೆ, ಆಮೇಲೆ ನೀಲಿ. ಪಾತ್ರೆ ತುಂಬಾ ಹುಳಿಯೇ ಇದ್ದರೂ ಮೊಟ್ಟೆಯ ಮೈಗೆ ತಾಗಿದ ಹುಳಿಯನ್ನು ಚಿಪ್ಪು ತಾನೇ ತಿಂದುಹಾಕುತ್ತದೆ, ಹಾಗಾಗಿ ಅಲ್ಲಿ ಹಿಡಿದ ಬಣ್ಣ ನೀಲಿಗೆ ತಿರುಗುತ್ತದೆ.

ಅಷ್ಟಕ್ಕೇ ಬಿಡದೆ ಅಮ್ಮ ತಮ್ಮ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಅರಿಶಿನದ ಮೊಟ್ಟೆಗೆ ಒಂದು ಬೊಟ್ಟಿಟ್ಟರು. ಹಳದಿಯ ಮೇಲೆ ಕುಂಕುಮದಂಥ ಕೆಂಪು. ನಿಂಬೆಹೋಳು ಉಜ್ಜಿದರೆ ಮತ್ತೆ ಹಳದಿ. ಮಕ್ಕಳು ಸರದಿ ಹಿಡಿದು ಬೊಟ್ಟಿಟ್ಟು ಅಳಿಸಿದರು, ಆ ಮೊಟ್ಟೆಯನ್ನು ತಿನ್ನಲು ಮಾತ್ರ ಯಾರಿಗೂ ಕೊಡಲಿಲ್ಲ.

ಇನ್ನೊಂದು ಮೊಟ್ಟೆಯಲ್ಲಿ ನೀಲಿಯ ನಡುವೆ ಪುಟ್ಟ ಹೆಬ್ಬೆರಳಿನ ಬಿಳಿ ಗುರುತು, ಗೆರೆಗಳ ಸಮೇತ. ಎಣ್ಣೆ ಮೆತ್ತಿದ ಕಡೆ ಬಣ್ಣದ ನೀರು ಹತ್ತುವುದಿಲ್ಲ. ಚಕ್ಕುಲಿ ತಿಂದ ಕೈ ಯಾರದು ಅಂತ ಕೇಳಿದರೆ ಎಂಟು ಜನರೂ ಕೈ ಹಿಂದಕ್ಕೆ ಕಟ್ಟಿಕೊಂಡರು.