ಹಳೆಯ ಪಾಪ್‌ಅಪ್ ಕ್ಯಾಂಪರ್: ಛಾವಣಿ ಎತ್ತುವ ವಿಂಚಿನ ದೋಷ ಹುಡುಕುವ ಬಗೆ

ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮಡಚುವ ಮನೆಯೇ ಪಾಪ್‌ಅಪ್ ಕ್ಯಾಂಪರ್. ರಸ್ತೆಯಲ್ಲಿ ಅದು ತಗ್ಗಾದ ಪೆಟ್ಟಿಗೆ. ತಂಗುವ ಜಾಗದಲ್ಲಿ ವಿಂಚಿನ (ಡ್ರಮ್ಮಿಗೆ ಕೇಬಲ್ ಸುತ್ತಿ ಭಾರ ಎಳೆಯುವ ಸಾಧನ) ಹಿಡಿ ತಿರುಗಿಸಿದರೆ ನಾಲ್ಕು ಮೂಲೆಯ ಕಂಬಗಳು ಉದ್ದವಾಗಿ ಛಾವಣಿ ಏರುತ್ತದೆ. ಕೋಲ್ಮನ್ ಹೆಸರಿನ ಹಳೆಯ ಗಾಡಿಗಳು ಇನ್ನೂ ಕೈಯಿಂದ ಕೈಗೆ ಸಾಗುತ್ತಿವೆ, ಆದರೆ ಅವುಗಳನ್ನು ತಯಾರಿಸುತ್ತಿದ್ದ ಪೆನ್ಸಿಲ್ವೇನಿಯಾದ ಸಾಮರ್ಸೆಟ್ ಕಾರ್ಖಾನೆ 2011ರಲ್ಲೇ ಮುಚ್ಚಿತು. ಕೆಟ್ಟಿರುವುದು ಯಾವುದೆಂದು ತಿಳಿಯದೆ ಬಿಡಿಭಾಗ ತರಿಸಿದರೆ ದುಡ್ಡು ದಂಡ.

ಮೊದಲು ಕಿವಿ, ಆಮೇಲೆ ಪಾನಾ. ಸರಿಯಾಗಿರುವ ಬ್ರೇಕ್ ವಿಂಚ್ ಛಾವಣಿ ಏರಿಸುವಾಗ ಟಿಕ್ ಟಿಕ್ ಎನ್ನುತ್ತದೆ, ಇಳಿಸುವಾಗ ಸುಮ್ಮನಿರುತ್ತದೆ. ಇದೊಂದನ್ನು ನೆನಪಿಟ್ಟರೆ ಅರ್ಧ ಪರೀಕ್ಷೆ ಮುಗಿದಂತೆ.

ಶಬ್ದ ಏಕೆ ಬರುತ್ತದೆ

ಬಾವಿಯ ರಾಟೆಯಲ್ಲಿ ಹಗ್ಗ ಕೈಬಿಟ್ಟರೆ ಕೊಡ ಬಾವಿ ಸೇರುತ್ತದೆ. ಬ್ರೇಕ್ ವಿಂಚಿನಲ್ಲಿ ಹಾಗಾಗದು. ಹಿಡಿಯ ದಂಡಕ್ಕೆ ತಿರುಪು, ಅಂದರೆ ಥ್ರೆಡ್ ಇದೆ. ಅದರ ಮೇಲೆ ಚಿಕ್ಕ ಹಲ್ಲುಗಾಲಿ. ಏರಿಸುವ ಕಡೆಗೆ ತಿರುಗಿಸಿದಾಗ ಹಲ್ಲುಗಾಲಿ ಥ್ರೆಡ್ ಮೇಲೆ ಸರಿದು, ಒಂದೇ ಕಡೆಗೆ ತಿರುಗಬಲ್ಲ ರ‍್ಯಾಚೆಟ್ ಚಕ್ರವನ್ನು ಎರಡು ಫ್ರಿಕ್ಷನ್ ಡಿಸ್ಕ್‌ಗಳ (ಘರ್ಷಣೆಯಿಂದ ಹಿಡಿಯುವ ಬಿಲ್ಲೆಗಳ) ನಡುವೆ ಬಿಗಿಯಾಗಿ ಅದುಮುತ್ತದೆ. ಆಗ ರ‍್ಯಾಚೆಟ್ ಕೂಡ ಜೊತೆಗೇ ಸುತ್ತುತ್ತದೆ, ಅದರ ಹಲ್ಲುಗಳ ಮೇಲೆ ಪಾಲ್ ಎಂಬ ಕೊಕ್ಕೆ ಜಾರುತ್ತಾ ಟಿಕ್ ಎನ್ನುತ್ತದೆ. ಕೈಬಿಟ್ಟರೆ ಛಾವಣಿಯ ಭಾರ ಹಲ್ಲುಗಾಲಿಯನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅದರಿಂದ ಥ್ರೆಡ್ ಇನ್ನಷ್ಟು ಬಿಗಿಯಾಗುತ್ತದೆ. ರ‍್ಯಾಚೆಟ್ಟನ್ನು ಪಾಲ್ ತಡೆದಿರುವುದರಿಂದ ಎಲ್ಲವೂ ನಿಲ್ಲುತ್ತದೆ. ಇಳಿಸಲು ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ಥ್ರೆಡ್ ತುಸು ಸಡಿಲಾಗಿ ಡಿಸ್ಕ್ ಜಾರುತ್ತದೆ, ರ‍್ಯಾಚೆಟ್ ಅಲುಗುವುದಿಲ್ಲ. ಅದಕ್ಕೇ ಮೌನ.

ಬ್ರೇಕನ್ನು ಬಿಗಿ ಮಾಡುವುದು ಭಾರವೇ ಆದ್ದರಿಂದ, ವಿಂಚನ್ನು ಬಿಚ್ಚಿ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿ 'ಬ್ರೇಕ್ ಹಿಡಿಯುತ್ತಿಲ್ಲ' ಎನ್ನುವುದು ತಪ್ಪು ತೀರ್ಪು.

ಲಕ್ಷಣದಿಂದ ಕಾರಣಕ್ಕೆ

ಏರಿಸುವಾಗ ಮೌನ, ಇಳಿಸುವಾಗ ಟಿಕ್ ಟಿಕ್: ಕೇಬಲ್ ಡ್ರಮ್ಮಿಗೆ ಉಲ್ಟಾ ಸುತ್ತಿಕೊಂಡಿದೆ. ಹಳೆಯ ಗಾಡಿಗಳಲ್ಲಿ ಇದು ಮಾಮೂಲು. ಛಾವಣಿ ಪೂರ್ತಿ ಕೂತ ಮೇಲೂ ಯಾರೋ ತಿರುಗಿಸುತ್ತಲೇ ಹೋಗಿರುತ್ತಾರೆ. ಕೇಬಲ್ ಖಾಲಿಯಾಗಿ ಮತ್ತೊಂದು ದಿಕ್ಕಿನಿಂದ ಸುತ್ತಿಕೊಂಡಿರುತ್ತದೆ. ಛಾವಣಿ ಏರುತ್ತದೇನೋ ನಿಜ, ಆದರೆ ಬ್ರೇಕ್ ಇಲ್ಲ. ಹಿಡಿ ತಿರುಗಿ ಮಣಿಕಟ್ಟಿಗೆ ಬಡಿಯಬಹುದು. ಛಾವಣಿ ಕೆಳಗಿಳಿದಿರುವಾಗ ಕೇಬಲ್ ಪೂರ್ತಿ ಬಿಚ್ಚಿ, ಸರಿಯಾದ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಸಾಕು, ಹೊಸದೇನೂ ಕೊಳ್ಳಬೇಕಿಲ್ಲ.

ಎರಡೂ ಕಡೆ ಮೌನ: ಪಾಲ್ ಜಿಡ್ಡಿನಲ್ಲಿ ಅಂಟಿದೆ ಅಥವಾ ಅದರ ಪುಟ್ಟ ಸ್ಪ್ರಿಂಗ್ ಮುರಿದಿದೆ.

ಟಿಕ್ ಶಬ್ದ ಸರಿಯಿದೆ, ಆದರೂ ಛಾವಣಿ ತಾನೇ ಜಾರುತ್ತದೆ: ಡಿಸ್ಕ್ ಸವೆದಿದೆ ಅಥವಾ ಅದಕ್ಕೆ ಎಣ್ಣೆ ತಾಗಿದೆ. ಗ್ರೀಸು ಹಲ್ಲುಗಾಲಿಗಳಿಗೆ ಮಾತ್ರ. ಡಿಸ್ಕ್‌ಗೆ ಒಂದು ಹನಿಯೂ ಬೇಡ. ಎಣ್ಣೆ ಹೀರಿದ ಡಿಸ್ಕ್ ಒರೆಸಿದರೆ ಸರಿಹೋಗದು, ಬದಲಿಸಬೇಕು. ಹಿಡಿ ತಿರುಗಿಸಲು ಬೇಜಾರೆಂದು ಡ್ರಿಲ್ ಸಿಕ್ಕಿಸಿ ವೇಗವಾಗಿ ಇಳಿಸುವವರ ವಿಂಚಿನಲ್ಲೂ ಡಿಸ್ಕ್ ಬಿಸಿಯಾಗಿ ನುಣುಪಾಗಿ ಹೀಗೇ ಆಗುತ್ತದೆ.

ಬಹಳ ದಿನ ನಿಂತ ಮೇಲೆ ಹಿಡಿ ಇಳಿಸುವ ಕಡೆಗೆ ಅಲುಗುತ್ತಲೇ ಇಲ್ಲ: ಬ್ರೇಕ್ ಕಚ್ಚಿಕೊಂಡಿದೆ. ಅಂಗೈ ಬುಡದಿಂದ ಆ ದಿಕ್ಕಿಗೆ ಒಂದು ಏಟು ಕೊಟ್ಟರೆ ಸಾಮಾನ್ಯವಾಗಿ ಬಿಡುತ್ತದೆ.

ಹಿಂದಿನವರು ದೋಣಿ ಟ್ರೈಲರಿನ ಸಾದಾ ವಿಂಚ್ ಕೂರಿಸಿದ್ದರೆ ದುರಸ್ತಿ ಮಾಡಲು ಹೋಗಬೇಡಿ. ಇಳಿಸಲು ಪಾಲ್ ಎತ್ತಿದೊಡನೆ ಪೂರ್ತಿ ಭಾರ ಕೈಗೆ ಬರುತ್ತದೆ. ಮೂಲ ವಿಂಚಿನಷ್ಟೇ ಸಾಮರ್ಥ್ಯದ ಬ್ರೇಕ್ ವಿಂಚ್ ಹಾಕಿ. ಡಟನ್-ಲೇನ್ಸನ್, ಫುಲ್ಟನ್ ಕಂಪನಿಗಳಲ್ಲಿ 1,500 ಪೌಂಡಿನವು ಸಿಗುತ್ತವೆ.

ವಿಂಚ್ ಚೆನ್ನಾಗಿದ್ದರೆ

ಹಿಡಿ ಇದ್ದಕ್ಕಿದ್ದಂತೆ ಭಾರವಾದರೆ ಬಲ ಹಾಕಬೇಡಿ. ಛಾವಣಿಯ ನಾಲ್ಕೂ ಚಿಲಕ ತೆಗೆದಿದೆಯೇ ನೋಡಿ. ಒಂದು ಮರೆತರೂ ಕೇಬಲ್ ತುಂಡಾಗಬಹುದು. ಮೇಲೆ ಸೈಕಲ್, ನಿಂತ ನೀರು, ಆಮೇಲೆ ಕೂರಿಸಿದ ಏಸಿ ಇದೆಯೇ? ಏಸಿಯೊಂದೇ 75ರಿಂದ 100 ಪೌಂಡ್ ತೂಗುತ್ತದೆ.

ಒಂದು ಮೂಲೆ ಹಿಂದುಳಿದಾಗ ಟೇಪು ಹಿಡಿಯಿರಿ. ಅರ್ಧ ಎತ್ತರದಲ್ಲೊಮ್ಮೆ, ಪೂರ್ತಿ ಎತ್ತರದಲ್ಲೊಮ್ಮೆ ನಾಲ್ಕೂ ಮೂಲೆ ಅಳೆಯಿರಿ. ವ್ಯತ್ಯಾಸ ಎರಡು ಸಲವೂ ಒಂದೇ ಇದ್ದರೆ ಆ ಮೂಲೆಯ ಕೇಬಲ್ ಹಿಗ್ಗಿದೆ, ಹೊಂದಾಣಿಕೆಯ ನಟ್ ಬಿಗಿದರೆ ಸರಿಹೋಗುತ್ತದೆ. ವ್ಯತ್ಯಾಸ ಬೆಳೆಯುತ್ತಾ ಹೋದರೆ ಅಥವಾ ಮೂಲೆ ಜಿಗಿಜಿಗಿದು ಏರಿದರೆ ಅದು ಘರ್ಷಣೆಯ ತೊಂದರೆ: ತುಕ್ಕು ಹಿಡಿದ ರಾಟೆ, ಬಾಗಿದ ಕಂಬ, ಇಲ್ಲವೇ ಕಂಬವನ್ನು ಮೇಲಕ್ಕೆ ತಳ್ಳುವ, ಕೊಳವೆಯೊಳಗೆ ಮಡಚಿಕೊಂಡ ಸ್ಪ್ರಿಂಗ್. ಇಲ್ಲಿ ನಟ್ ಬಿಗಿದರೆ ರೋಗ ಹೆಚ್ಚುತ್ತದೆ. ಕಂಬಗಳಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸು ದೂಳು ಹಿಡಿಯುತ್ತದೆ.

ಕೇಬಲ್ ಮುಟ್ಟುವ ಮೊದಲು ಎತ್ತಿದ ಛಾವಣಿಗೆ ನಾಲ್ಕೂ ಮೂಲೆಯಲ್ಲಿ ಅಳತೆಗೆ ಕತ್ತರಿಸಿದ ಮರದ ತುಂಡು ಕೊಡಿ. ವಿಂಚನ್ನು ನಂಬಿ ಅದರಡಿ ಕೂರುವುದು ಬೇಡ. ಹತ್ತಿಬಟ್ಟೆಯನ್ನು ಕೇಬಲಿನುದ್ದಕ್ಕೂ ಎಳೆಯಿರಿ, ಬರಿಗೈ ಬೇಡ. ಬಟ್ಟೆಯ ನೂಲು ಸಿಕ್ಕಿಕೊಂಡ ಜಾಗದಲ್ಲಿ ತಂತಿ ಮುರಿದಿದೆ. ಅಂಥ ಕೇಬಲಿಗೆ ತೇಪೆ ಇಲ್ಲ, ಪೂರ್ತಿ ಬದಲಿಸಿ. ಹಳೆಯದರಷ್ಟೇ ದಪ್ಪದ, 7 ಎಳೆಯ, ಎಳೆಗೆ 19 ತಂತಿಯ ಗ್ಯಾಲ್ವನೈಸ್ಡ್ ಕೇಬಲ್ ಬೇಕು, ಏಕೆಂದರೆ ಚಿಕ್ಕ ರಾಟೆಯ ಮೇಲೆ ಅದು ಸಲೀಸಾಗಿ ಬಾಗುತ್ತದೆ. 3/16 ಇಂಚಿನದು ತುಂಡಾಗಲು 4,200 ಪೌಂಡ್ ಬೇಕು, 1/8 ಇಂಚಿನದಕ್ಕೆ 2,000. ತುದಿಯ ಕುಣಿಕೆಗೆ ಕ್ಲಿಪ್ ಹಾಕುವಿರಾದರೆ ಎರಡು ಹಾಕಿ. ಕ್ಲಿಪ್ಪಿನ ತಡಿ, ಅಂದರೆ ಕೇಬಲ್ ಕೂರುವ ಗಟ್ಟಿ ಭಾಗ, ಭಾರ ಎಳೆಯುವ ಕಡೆಯ ಕೇಬಲಿನ ಮೇಲೆ, ಯು ಬೋಲ್ಟ್ ಬಾಲದ (ಮಡಚಿದ ಸಡಿಲ ತುದಿಯ) ಕಡೆಗೆ. ಕ್ಲಿಪ್ ಇಕ್ಕಟ್ಟಾದ ಜಾಗದಲ್ಲಿ ಹಿಡಿಸುವುದಿಲ್ಲ, ಅಂಥ ಕಡೆ ಅದುಮಿ ಕೂರಿಸುವ ತಾಮ್ರದ ಸ್ಲೀವೇ ಗತಿ.

ಕೊನೆಯಲ್ಲಿ ಛಾವಣಿಯನ್ನು ಒಂದಡಿ ಎತ್ತಿ ಕೈಬಿಟ್ಟು ನೋಡಿ, ಇಳಿಸಿ, ಮತ್ತೆ ಪೂರ್ತಿ ಎತ್ತಿ. ಛಾವಣಿ ಕೆಳಗಿಳಿದಾಗ ಡ್ರಮ್ಮಿನ ಮೇಲೆ ಕನಿಷ್ಠ 3 ಸುತ್ತು ಉಳಿದಿರಬೇಕು.