ವ್ಯಾನ್ ಗೋ ಮಾರಿದ್ದು ಒಂದೇ ಚಿತ್ರವಾ?

ಪ್ರಶ್ನೆ: ವಿನ್ಸೆಂಟ್ ವ್ಯಾನ್ ಗೋ ಬದುಕಿದ್ದಾಗ ಮಾರಾಟವಾದದ್ದು ಒಂದೇ ಒಂದು ಚಿತ್ರ ಅಂತಾರಲ್ಲ, ನಿಜವಾ?

ಮತ್ತೆ ಇದೇ ಪ್ರಶ್ನೆ! ಕಿವಿ ಕೊಯ್ದುಕೊಂಡ ಕತೆ ಬಿಟ್ಟರೆ ನನಗೆ ಜಾಸ್ತಿ ಬರುವುದು ಇದೇ. ಅಲ್ಲ, ನಿಜ ಅಲ್ಲ. ಇಷ್ಟೇ ಹೇಳಿ ಹೇಳಿ ಸಾಕಾಗಿದೆ. ಈ ಸಲ ಲೆಕ್ಕವನ್ನೇ ಬಿಡಿಸಿಡುತ್ತೇನೆ.

ಆ 'ಒಂದೇ ಚಿತ್ರ' ಅಂದರೆ 'ಕೆಂಪು ದ್ರಾಕ್ಷಿತೋಟ'. 1888ರ ನವೆಂಬರಿನಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ ಬರೆದದ್ದು. 1890ರ ಆರಂಭದಲ್ಲಿ ಬ್ರಸೆಲ್ಸ್ ಪ್ರದರ್ಶನದಲ್ಲಿ ಆನಾ ಬಾಕ್ ಅದನ್ನು 400 ಫ್ರಾಂಕಿಗೆ ಕೊಂಡಳು. ಆಕೆಯೂ ಕಲಾವಿದೆಯೇ, ಆಕೆಯ ತಮ್ಮನ ಚಿತ್ರವನ್ನು ವಿನ್ಸೆಂಟ್ ಮೊದಲೇ ಬರೆದಿದ್ದ. ಇಷ್ಟು ಸರಿ. 'ಒಂದೇ' ಅಂತ ಸೇರಿಸಿದವರು ಯಾರೋ, ಅವನ ಪತ್ರಗಳನ್ನಂತೂ ಓದಿದವರಲ್ಲ.

1882ರ ಮಾರ್ಚ್, ಹೇಗ್ ಊರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಚಿತ್ರ ವ್ಯಾಪಾರ ಮಾಡುತ್ತಿದ್ದ ಚಿಕ್ಕಪ್ಪ ಕೋರ್ ಬಂದಿದ್ದಾನೆ. ಮೊದಲು ದುಡಿದು ತಿನ್ನುವ ಬಗ್ಗೆ ಉಪದೇಶ, ಗೊತ್ತಲ್ಲ. ಆಮೇಲೆ ಚಿತ್ರಗಳನ್ನು ತಿರುವಿಹಾಕುತ್ತ ಒಂದು ಚಿಕ್ಕ ರೇಖಾಚಿತ್ರದ ಹತ್ತಿರ ಕೈ ನಿಂತಿತು. ಪಡ್ಡೆಮೂಸ್ ಕೇರಿಯದು, ಗೆಳೆಯ ಬ್ರೈಟ್ನರ್ ಜೊತೆ ಅಲೆಯುವಾಗ ನಡುರಾತ್ರಿ ಗೀಚಿದ್ದು. ಇಂಥವು ಇನ್ನಷ್ಟು ಮಾಡಿಕೊಡ್ತೀಯಾ ಅಂತ ಕೇಳಿದ. ಒಂದಕ್ಕೆ ಎರಡೂವರೆ ಗಿಲ್ಡರ್ (ಆಗಿನ ಡಚ್ಚರ ನಾಣ್ಯ) ಅಂತ ವಿನ್ಸೆಂಟ್ ಹೇಳಿದ. ಹನ್ನೆರಡಕ್ಕೆ ಆರ್ಡರ್ ಸಿಕ್ಕಿತು. ಆಮೇಲೆ ಇನ್ನೊಂದು ಆರ್ಡರ್. ಅದಕ್ಕೆ ಬಂದದ್ದು 20 ಗಿಲ್ಡರ್, ಜೊತೆಗೆ ಒಂದು ಸಾಲು ಕಾಗದವೂ ಇಲ್ಲ!

'ಅದು ಪೇಂಟಿಂಗ್ ಅಲ್ವಲ್ಲ, ಕೊಂಡವನೂ ಚಿಕ್ಕಪ್ಪ ತಾನೇ' ಅಂತ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ತೆಗೆಯಲಿ. ಪ್ಯಾರಿಸ್ಸಿನಲ್ಲಿ ಬಣ್ಣದಂಗಡಿ ಇಟ್ಟಿದ್ದ ತಾಂಗಿಯ ಗೆಳೆಯನೊಬ್ಬನ ಚಿತ್ರ ಬರೆದು 20 ಫ್ರಾಂಕ್ ತೆಗೆದುಕೊಂಡೆ ಅಂತ ವಿನ್ಸೆಂಟನೇ ಬರೆದಿದ್ದಾನೆ. ತಾಂಗಿಯ ಹೆಂಡತಿಯ ಚಿತ್ರವನ್ನು ಅವರು ಮಾರಿಬಿಟ್ಟರು ಅನ್ನುವುದೂ ಅದೇ ಪತ್ರದಲ್ಲಿದೆ. 20 ಫ್ರಾಂಕ್ ಕೊಟ್ಟ ಆ ಗೆಳೆಯ ಚಿಕ್ಕಪ್ಪ ಅಲ್ಲವಲ್ಲ?

ತಮ್ಮ ಥಿಯೋ ತಿಂಗಳು ತಿಂಗಳು ಕಳಿಸಿದ ದುಡ್ಡೂ ಸುಮ್ನೆ ಕೊಟ್ಟದ್ದಲ್ಲ. ಅದರ ಬದಲು ಚಿತ್ರಗಳೆಲ್ಲ ಥಿಯೋನವು ಅಂತ ಅವರವರಲ್ಲೇ ಮಾತಾಗಿತ್ತು. ವ್ಯಾಪಾರ ಕಡಿಮೆ ಇದ್ದದ್ದು ಹೌದು. ಆದರೆ ಅವನು ಚಿತ್ರಕಾರನಾಗಲು ಹೊರಟದ್ದೇ 27ನೇ ವಯಸ್ಸಿಗೆ, ತೀರಿಕೊಂಡದ್ದು 37ಕ್ಕೆ. ಹೆಸರು ಮಾಡಲು ಟೈಮಾದರೂ ಎಲ್ಲಿತ್ತು?

ಹೆಸರು ಅಂದಾಗ ನೆನಪಾಯಿತು, ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅವನು 'ಗೋ' ಅಲ್ಲ. ಡಚ್ಚರ ಬಾಯಲ್ಲಿ ಅದು ಹೆಚ್ಚುಕಡಿಮೆ 'ಫಾನ್ ಖೊಖ್'; ಆ 'ಖ' ಗಂಟಲು ಕೆರೆದುಕೊಂಡ ಹಾಗೆ ಬರಬೇಕು. ಫ್ರಾನ್ಸಿನವರಿಗೂ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ 1888ರಲ್ಲಿ, ಪ್ರದರ್ಶನದ ಪಟ್ಟಿಯಲ್ಲಿ ಬರೀ 'ವಿನ್ಸೆಂಟ್' ಅಂತ ಹಾಕಿಸು ಅಂತ ಥಿಯೋಗೆ ಬರೆದ. ಲಂಡನ್ನಿನಲ್ಲಿರುವ ಸೂರ್ಯಕಾಂತಿ ಚಿತ್ರ ಯಾವಾಗಲಾದರೂ ಕಣ್ಣಿಗೆ ಬಿದ್ದರೆ ಹೂವು ಬಿಟ್ಟು ಹೂದಾನಿ ನೋಡಿ. ಅದರ ಹೊಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ಅಷ್ಟೇ ಇದೆ: 'ವಿನ್ಸೆಂಟ್'.