ನಾಲ್ಕು ಚುಕ್ಕಿ, ಆರು ಗೆರೆ, ಮೂರು ಉತ್ತರ

ಗ್ರಾಫ್ ಅಂದರೆ ಒಂದಿಷ್ಟು ಚುಕ್ಕಿ, ಅವನ್ನು ಜೋಡಿಸುವ ಒಂದಿಷ್ಟು ಗೆರೆ. ಇದರಲ್ಲಿ ಬಾಗುವುದಕ್ಕೆ ಏನಿದೆ? ತರಗತಿಯಲ್ಲಿ ಗ್ರಾಫ್‌ನ ವಕ್ರತೆ ಅಂದ ಕೂಡಲೇ ವಿದ್ಯಾರ್ಥಿಗಳು ಕೇಳುವುದು ಇದನ್ನೇ. ನ್ಯಾಯವಾದ ಪ್ರಶ್ನೆ. ಚುಕ್ಕಿಯನ್ನು ಎಲ್ಲಿಟ್ಟರೂ ಗೆರೆಯನ್ನು ಹೇಗೆಳೆದರೂ ಗ್ರಾಫ್ ಅದೇ. ಹಾಗಾಗಿ ಇಲ್ಲಿ ವಕ್ರತೆಯನ್ನು ಅಳೆಯಲು ಬರುವುದಿಲ್ಲ, ಎಣಿಸಬೇಕು.

ಒಂದು ಚುಕ್ಕಿಯ ಸುತ್ತ ಆರು ಸಮಬಾಹು ತ್ರಿಕೋನ ಜೋಡಿಸಿದರೆ ಕಾಗದ ಸಮತಟ್ಟಾಗಿ ಕೂರುತ್ತದೆ. ಐದೇ ಇದ್ದರೆ ನಡುವೆ ಮೊನೆ ಏಳುತ್ತದೆ. ಏಳಾದರೆ ಕುದುರೆಯ ಜೀನಿನ ಹಾಗೆ ಏರಿಳಿಯುತ್ತದೆ. ಚುಕ್ಕಿಯ ವಕ್ರತೆಯ ಲೆಕ್ಕ ಹೀಗೆ: 1ರಿಂದ ಆ ಚುಕ್ಕಿಗೆ ಸೇರುವ ಗೆರೆಗಳ ಅರ್ಧ ಕಳೆಯಿರಿ, ತ್ರಿಕೋನಗಳ ಮೂರನೇ ಒಂದು ಪಾಲು ಕೂಡಿಸಿ. ಆರಕ್ಕೆ 1 − 3 + 2, ಅಂದರೆ ಸೊನ್ನೆ. ಐದಕ್ಕೆ 1/6, ಏಳಕ್ಕೆ −1/6.

ಅರ್ಧ ಏಕೆ, ಮೂರನೇ ಒಂದು ಏಕೆ? ಗೆರೆಗೆ ಎರಡು ತುದಿ, ತ್ರಿಕೋನಕ್ಕೆ ಮೂರು ಮೂಲೆ, ಸಮನಾಗಿ ಹಂಚಿದ್ದೇವೆ. ಆದ್ದರಿಂದಲೇ ಎಲ್ಲ ಚುಕ್ಕಿಗಳ ವಕ್ರತೆ ಕೂಡಿಸಿದರೆ ಚುಕ್ಕಿ − ಗೆರೆ + ತ್ರಿಕೋನ, ಅಂದರೆ ಆಯ್ಲರ್ ಸಂಖ್ಯೆ ಸಿಗುತ್ತದೆ. ಇಪ್ಪತ್ತು ತ್ರಿಕೋನಗಳಿಂದಾದ, ಮೂಲೆಗೆ ಐದೈದು ತ್ರಿಕೋನ ಸೇರುವ ಐಕೊಸಾಹೆಡ್ರನ್ ಎಂಬ ಘನಾಕೃತಿಯ 12 ಮೂಲೆಗಳಲ್ಲೂ 1/6, ಒಟ್ಟು 2. ಗೋಳದ ಆಯ್ಲರ್ ಸಂಖ್ಯೆಯೂ 2. ಒಟ್ಟು ವಕ್ರತೆಯನ್ನು ಆಯ್ಲರ್ ಸಂಖ್ಯೆಯೇ ನಿರ್ಧರಿಸುತ್ತದೆ ಎನ್ನುವ ಗಾಸ್–ಬೋನೆ ಪ್ರಮೇಯ ಇಷ್ಟು ಸಣ್ಣ ಭಿನ್ನರಾಶಿಗಳಲ್ಲಿ ಕೈಗೆ ಸಿಗುವುದು ನನಗೆ ಇಂದಿಗೂ ಸೊಗಸೆನಿಸುತ್ತದೆ.

ಈಗ ನಾಲ್ಕು ಚುಕ್ಕಿ ಇಟ್ಟು ಪ್ರತಿ ಜೋಡಿಗೂ ಗೆರೆ ಎಳೆಯಿರಿ. ಆರು ಗೆರೆಗಳಾಗುತ್ತವೆ. ಬರೀ ತಂತಿಯ ಚೌಕಟ್ಟು ಎಂದುಕೊಂಡರೆ ಪ್ರತಿ ಚುಕ್ಕಿಗೆ 1 − 3/2 = −1/2, ಒಟ್ಟು −2. ನಾಲ್ಕು ತ್ರಿಕೋನಗಳಿಗೂ ಕಾಗದ ಅಂಟಿಸಿದರೆ ತಲಾ 1/2, ಒಟ್ಟು 2. ಇದು ಟೊಳ್ಳು ಗೋಳ. ಒಳಗೂ ತುಂಬಿ ಗಟ್ಟಿ ಮಾಡಿದರೆ, ಆ ಗಟ್ಟಿಗೆ ನಾಲ್ಕು ಮೂಲೆ ಇರುವುದರಿಂದ, ತಲಾ 1/4 ಕಳೆದು 1/4 ಉಳಿಯುತ್ತದೆ, ಒಟ್ಟು 1. ಹಾರ್ವರ್ಡ್‌ನ ಆಲಿವರ್ ಕ್ನಿಲ್ 2011ರಲ್ಲಿ ಕೊಟ್ಟ ಗಾಸ್–ಬೋನೆ–ಚರ್ನ್ ಪ್ರಮೇಯದ (ಗಾಸ್–ಬೋನೆಯ ಹೆಚ್ಚು ಆಯಾಮಗಳ ವಿಸ್ತರಣೆ) ಗ್ರಾಫ್ ರೂಪ ಈ ಮೂರನೆಯ ದಾರಿ ಹಿಡಿಯುತ್ತದೆ. ಗ್ರಾಫ್ ಒಂದೇ, ಉತ್ತರ ಮೂರು. ಯಾವುದನ್ನು ತುಂಬಿದೆವು ಎಂದು ಹೇಳದೆ ಗ್ರಾಫ್‌ನ ಟೋಪಾಲಜಿ, ಅಂದರೆ ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಆಕಾರದ ಗುಣ, ಮಾತಾಡುವುದಕ್ಕೆ ಅರ್ಥವೇ ಇಲ್ಲ ಎಂಬುದು ನನ್ನ ಖಚಿತ ನಿಲುವು.

ಚುಕ್ಕಿಗಲ್ಲ, ಗೆರೆಗೇ ವಕ್ರತೆ ಕೊಡುವ ದಾರಿಯೂ ಇದೆ. ಯಾನ್ ಒಲಿವಿಯೇ 2009ರಲ್ಲಿ ಪ್ರಕಟಿಸಿದ ವಕ್ರತೆ, ಗೆರೆಯ ಎರಡು ತುದಿಗಳ ನೆರೆಹೊರೆಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಎಷ್ಟು ದೂರ ನಡೆಯಬೇಕೆಂದು ನೋಡುತ್ತದೆ; ಆ ದೂರ ಗೆರೆಯ ಉದ್ದಕ್ಕಿಂತ ಕಡಿಮೆಯಾದರೆ ಧನ, ಹೆಚ್ಚಾದರೆ ಋಣ. ಒತ್ತಾಗಿ ಹೆಣೆದುಕೊಂಡ ಗುಂಪಿನೊಳಗಿನ ಗೆರೆಗಳು ಧನ, ದೊಡ್ಡ ಗುಂಪುಗಳೆರಡನ್ನು ಬೆಸೆಯುವ ಒಂಟಿ ಗೆರೆ ಋಣ. ಜಾಲಗಳಲ್ಲಿ ಸಮುದಾಯ ಹುಡುಕುವವರಿಗೆ ಇದು ಬಹಳ ಉಪಯುಕ್ತ, ಆದರೆ ಇದರ ಮೊತ್ತ ಆಯ್ಲರ್ ಸಂಖ್ಯೆಯಾಗಲೇಬೇಕೆಂದಿಲ್ಲ.

ತುಂಬುವ ಪ್ರಶ್ನೆ ನಿಜವಾದ ದತ್ತಾಂಶದಲ್ಲೂ ಎದುರಾಗುತ್ತದೆ. ಮೂವರು ಸಂಶೋಧಕರು ಸೇರಿ ಒಂದೇ ಪ್ರಬಂಧ ಬರೆದರೂ, ಇಬ್ಬಿಬ್ಬರಾಗಿ ಮೂರು ಬರೆದರೂ ಗ್ರಾಫ್‌ನಲ್ಲಿ ಕಾಣುವುದು ಒಂದೇ ತ್ರಿಕೋನ. ಮೊದಲನೆಯದು ತುಂಬಿದ್ದು, ಮೊತ್ತ 1. ಎರಡನೆಯದು ಖಾಲಿ ಬಳೆ, ಮೊತ್ತ 0. ಅದಕ್ಕೇ ಯಾರಾದರೂ ಸಹಲೇಖಕರ ಜಾಲ ತಂದು ವಕ್ರತೆ ಕೇಳಿದರೆ, ಮೊದಲು ಪ್ರಬಂಧಗಳ ಮೂಲ ಪಟ್ಟಿ ಕೊಡಿ ಎನ್ನುತ್ತೇನೆ.